ಗಾಲಿ ಕೊಳ್ಳುವ ಮೊದಲು ಟೈರು ನೋಡಿ

ರೋಡ್ ಬೈಕ್ ಕೊಂಡು ವರ್ಷ ತುಂಬುವಷ್ಟರಲ್ಲಿ ಹೆಚ್ಚಿನವರ ತಲೆಗೆ ಹೊಕ್ಕುವ ಯೋಚನೆ ಗಾಲಿ ಬದಲಿಸುವುದು. ಫ್ರೇಮ್ ಬದಲಿಸಿದರೆ ಹೊಸ ಸೈಕಲನ್ನೇ ಕೊಂಡಷ್ಟು ಖರ್ಚು. ಗೇರು ಬದಲಿಸಿದರೆ ಓಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣದು. ಹಾಗಾಗಿ ಕೂಡಿಟ್ಟ ದುಡ್ಡು ಗಾಲಿಯ ಕಡೆಗೇ ಹರಿಯುತ್ತದೆ. ಆ ಯೋಚನೆ ತಪ್ಪಲ್ಲ. ಬೈಕಿನ ಒಟ್ಟು ಬೆಲೆ ತಗ್ಗಿಸಬೇಕಾದಾಗ ಕಂಪನಿಗಳು ಕೈ ಬಿಗಿಹಿಡಿಯುವುದು ಗಾಲಿಯ ವಿಷಯದಲ್ಲೇ, ಆದ್ದರಿಂದ ಅಲ್ಲಿ ಸುಧಾರಣೆಗೆ ಜಾಗ ಇದ್ದೇ ಇರುತ್ತದೆ. ತಪ್ಪುವುದು ಆರಿಸುವ ಅಳತೆಗೋಲಿನಲ್ಲಿ. ಅಂಗಡಿಯಲ್ಲಿ ಕೇಳಿಬರುವ ಮೊದಲ ಪ್ರಶ್ನೆ ‘ಜೋಡಿ ಎಷ್ಟು ಗ್ರಾಂ?’, ಎರಡನೆಯದು ‘ರಿಮ್ ಎಷ್ಟು ಡೀಪ್?’ ನಮ್ಮ ರಸ್ತೆಯಲ್ಲಿ, ನಮ್ಮ ವೇಗದಲ್ಲಿ ಓಡಿಸುವವರು ಈ ಎರಡನ್ನೂ ಕೊನೆಗೆ ಕೇಳಿದರೆ ಸಾಕು ಎನ್ನುವುದು ನನ್ನ ವಾದ. ಮೊದಲು ಕೇಳಬೇಕಾದದ್ದು ಬೇರೆಯೇ ಇದೆ: ರಿಮ್ಮಿನ ಒಳ ಅಗಲ ಎಷ್ಟು, ಅದರ ಮೇಲೆ ಯಾವ ಟೈರು ಕೂರುತ್ತದೆ, ಕಡ್ಡಿ ಎಷ್ಟಿವೆ, ಒಂದು ಕಡ್ಡಿ ಮುರಿದರೆ ಅಂಥದೇ ಇನ್ನೊಂದು ಎಲ್ಲಿ ಸಿಗುತ್ತದೆ.

ತೂಕದ ಲೆಕ್ಕವನ್ನು ಮೊದಲು ಮುಗಿಸೋಣ. ಮಧ್ಯಮ ಬೆಲೆಯ ಬೈಕಿನ ಜೊತೆ ಬರುವ ಅಲ್ಯೂಮಿನಿಯಂ ಗಾಲಿಗಳ ಜೋಡಿ ಸುಮಾರು ಎರಡು ಕಿಲೋ ತೂಗುತ್ತದೆ. ಅದಕ್ಕಿಂತ ಒಳ್ಳೆಯ ಜೋಡಿ ಒಂದೂವರೆ ಕಿಲೋ ಆಸುಪಾಸಿನಲ್ಲಿರುತ್ತದೆ. ಕಾರ್ಬನ್ ಜೋಡಿಗಳಲ್ಲೂ ಬಹಳಷ್ಟು ಅಲ್ಲಿಯೇ ನಿಲ್ಲುತ್ತವೆ. ಅಂದರೆ ಇಷ್ಟೆಲ್ಲ ಚರ್ಚೆ ನಡೆಯುವುದು 400–500 ಗ್ರಾಂ ಸುತ್ತ. ಸವಾರ, ಬೈಕು, ನೀರು, ಹೆಲ್ಮೆಟ್ಟು ಎಲ್ಲ ಸೇರಿ 85 ಕಿಲೋ ಎಂದಿಟ್ಟುಕೊಳ್ಳಿ. 400 ಗ್ರಾಂ ಅದರಲ್ಲಿ ಶೇ. ಅರ್ಧವೂ ಆಗುವುದಿಲ್ಲ. ಏರಿನಲ್ಲಿ ಕಾಲಿನ ಶಕ್ತಿಯೆಲ್ಲ ತೂಕ ಎತ್ತುವುದಕ್ಕೇ ಹೋಗುತ್ತದೆ ಎಂದು ಹಗುರ ಗಾಲಿಯ ಪರವಾಗಿಯೇ ಲೆಕ್ಕ ಹಾಕಿದರೂ, ನಂದಿ ಬೆಟ್ಟವನ್ನು ಅರ್ಧ ಗಂಟೆಯಲ್ಲಿ ಹತ್ತುವ ಸವಾರನಿಗೆ ಉಳಿಯುವುದು ಎಂಟು ಸೆಕೆಂಡು ಚಿಲ್ಲರೆ. ಚೌಕಟ್ಟಿಗೆ ಸಿಕ್ಕಿಸಿದ ಒಂದು ತುಂಬಿದ ನೀರಿನ ಬಾಟಲಿ ಇದಕ್ಕಿಂತ ಹೆಚ್ಚು ತೂಗುತ್ತದೆ.

ಇಲ್ಲಿ ಬಲ್ಲವರು ಒಂದು ಆಕ್ಷೇಪ ಎತ್ತುತ್ತಾರೆ: ಗಾಲಿಯ ತೂಕ ಸುಮ್ಮನೆ ಕೂತ ತೂಕವಲ್ಲ, ತಿರುಗುವ ತೂಕ, ಅದಕ್ಕೆ ಎರಡು ಪಟ್ಟು ಬೆಲೆ. ಮಾತು ನಿಜ, ಆದರೆ ಅದು ಅನ್ವಯಿಸುವುದು ವೇಗ ಹೆಚ್ಚಿಸುವ ಗಳಿಗೆಗೆ ಮಾತ್ರ. ನಿಂತಲ್ಲಿಂದ ಹೊರಡುವಾಗ ರಿಮ್ಮಿನ ತೂಕವನ್ನು ಮುಂದಕ್ಕೂ ತಳ್ಳಬೇಕು, ಸುತ್ತಲೂ ತಿರುಗಿಸಬೇಕು. ಆದ್ದರಿಂದ ಅಂಚಿನ 400 ಗ್ರಾಂ ಆಗ 800 ಗ್ರಾಂ ಇದ್ದ ಹಾಗೆ ವರ್ತಿಸುತ್ತದೆ. ಹಾಗೆ ಹಿಡಿದರೂ 85 ಕಿಲೋದಲ್ಲಿ ಅದು ಶೇ. ಒಂದಕ್ಕಿಂತ ಕಡಿಮೆಯೇ. ಒಮ್ಮೆ ವೇಗ ಹಿಡಿದ ಮೇಲೆ ತಿರುಗುವ ಗಾಲಿ ನಿಮ್ಮಿಂದ ಹೊಸದಾಗಿ ಏನನ್ನೂ ಕೇಳುವುದಿಲ್ಲ. ಪೆಡಲ್ ನಿಲ್ಲಿಸಿದಾಗ ತನ್ನಲ್ಲಿಟ್ಟುಕೊಂಡ ಶಕ್ತಿಯನ್ನು ಓಟವಾಗಿ ಹಿಂದಿರುಗಿಸುತ್ತದೆ. ಕಳೆದುಹೋಗುವುದು ಬ್ರೇಕ್ ಹಿಡಿದಾಗ. ಹಾಗಾಗಿ ತಿರುವು ತಿರುವಿಗೂ ಬ್ರೇಕ್ ಹಿಡಿದು ಮತ್ತೆ ಜಿಗಿಯಬೇಕಾದ ಸಣ್ಣ ಸರ್ಕ್ಯೂಟಿನ ರೇಸಿನಲ್ಲಿ ಹಗುರ ರಿಮ್ಮಿಗೆ ಅರ್ಥವಿದೆ. ಹಗುರ ಗಾಲಿ ಹಾಕಿದ ದಿನ ಬೈಕು ಚುರುಕಾಯಿತು ಅನ್ನಿಸುವುದೂ ಸುಳ್ಳಲ್ಲ, ಎದ್ದು ನಿಂತು ತುಳಿದಾಗ ಹ್ಯಾಂಡಲಿನಲ್ಲಿ ಅದು ತಿಳಿಯುತ್ತದೆ. ಆದರೆ ಕೈಗೆ ತಿಳಿಯುವಷ್ಟು ಗಡಿಯಾರಕ್ಕೆ ತಿಳಿಯುವುದಿಲ್ಲ. ಹಗುರ ರಿಮ್ಮಿನ ಮೋಹಕ್ಕೆ ದೊಡ್ಡ ಚರಿತ್ರೆಯೇ ಇದೆ. ಮರದ ರಿಮ್ಮುಗಳ ಕಾಲದಲ್ಲಿ, 1934ರ ಟೂರ್ ಡಿ ಫ್ರಾನ್ಸ್‌ನಲ್ಲಿ, ಆಂಟೊನಿನ್ ಮಾನ್ಯ್ ಮಾವಿಕ್ ಕಂಪನಿಯ ಡ್ಯೂರಾಲ್ಯುಮಿನ್ ರಿಮ್ಮುಗಳಿಗೆ ಮರದ ಬಣ್ಣ ಬಳಿಸಿಕೊಂಡು ಓಡಿ ಗೆದ್ದರು. ಅಲ್ಲಿ ಒಂದು ವಸ್ತುವಿನಿಂದ ಇನ್ನೊಂದು ವಸ್ತುವಿಗೆ ನೆಗೆದ ಲಾಭವಿತ್ತು. ಈಗ ಉಳಿದಿರುವುದು ಆ ನೆಗೆತದ ತುದಿಯ ಚೂರು, ಬೆಲೆ ಮಾತ್ರ ಪೂರ್ತಿ ನೆಗೆತದ್ದು.

ಎತ್ತರದ ರಿಮ್ಮು, ಅಂದರೆ ಡೀಪ್ ರಿಮ್ಮಿನ ಮಾತು ಸ್ವಲ್ಪ ಬೇರೆ. ಸಮತಟ್ಟಿನಲ್ಲಿ ರೋಡ್ ಬೈಕಿನ ದೊಡ್ಡ ಶತ್ರು ಗಾಳಿ, ತೂಕವಲ್ಲ, 45–50 ಮಿ.ಮೀ. ಎತ್ತರದ ರಿಮ್ಮು ಗಾಳಿಯನ್ನು ನಯವಾಗಿ ಸೀಳುತ್ತದೆ ಎನ್ನುವುದು ಪರೀಕ್ಷೆಯಿಂದ ಸಿದ್ಧವಾದ ಮಾತು. ಆದರೆ ಕಂಪನಿಗಳು ಉಳಿತಾಯವನ್ನು ಸಾಮಾನ್ಯವಾಗಿ ಹೇಳುವುದು ಗಂಟೆಗೆ 45 ಕಿ.ಮೀ. ವೇಗದ ಲೆಕ್ಕದಲ್ಲಿ. ಗಾಳಿಯನ್ನು ಎದುರಿಸಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ, ಅದರಂತೆಯೇ ಇಳಿಯುತ್ತದೆ. ಆ ವೇಗದಲ್ಲಿ 12 ವ್ಯಾಟ್ ಉಳಿಸುವ ಗಾಲಿ 30 ಕಿ.ಮೀ. ವೇಗದಲ್ಲಿ ಉಳಿಸುವುದು ಮೂರೂವರೆ ವ್ಯಾಟ್. ಮೊಣಕೈ ಸ್ವಲ್ಪ ಮಡಿಸಿ, ಬೆನ್ನು ಬಾಗಿಸಿ ಕೂತರೆ ಇದಕ್ಕಿಂತ ಹೆಚ್ಚು ಉಳಿಯುತ್ತದೆ, ಏಕೆಂದರೆ ಗಾಳಿಗೆ ಅಡ್ಡ ನಿಲ್ಲುವ ದೊಡ್ಡ ಗೋಡೆ ಸವಾರನ ಮೈಯೇ. ಇನ್ನು ಅಡ್ಡಗಾಳಿ. ಚಿತ್ರದುರ್ಗದ ಕಡೆ ಹೆದ್ದಾರಿಯುದ್ದಕ್ಕೂ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಯಾಕೆ ನಿಲ್ಲಿಸಿದ್ದಾರೆಂದು ಮುಂಗಾರಿನಲ್ಲಿ ಅಲ್ಲಿ ಸೈಕಲ್ ಓಡಿಸುವವರಿಗೆ ಬೇರೆ ಹೇಳಬೇಕಿಲ್ಲ. ಲಾರಿಯೊಂದು ಪಕ್ಕದಿಂದ ದಾಟುವಾಗ ಗಾಳಿ ಒಮ್ಮೆಲೇ ಮರೆಯಾಗಿ, ಲಾರಿ ಮುಂದೆ ಹೋದ ಕೂಡಲೇ ಮತ್ತೆ ಹೊಡೆಯುತ್ತದೆ. ಎತ್ತರದ ಮುಂದಿನ ರಿಮ್ಮು ಆ ಹೊಡೆತವನ್ನು ನೇರ ಹ್ಯಾಂಡಲಿಗೆ ಕೊಡುತ್ತದೆ. ಸವಾರ ಹಗುರ ಮೈಯವರಾದರೆ ಇನ್ನೂ ಕಷ್ಟ. ಡೀಪ್ ರಿಮ್ ಬೇಕೇ ಬೇಕೆನ್ನುವವರು ಮುಂದಿನದನ್ನು 35 ಮಿ.ಮೀ. ಒಳಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಹಾಗಾದರೆ ಗಾಲಿ ಬದಲಿಸಿದಾಗ ನಿಜವಾಗಿ ಸಿಗುವುದೇನು? ಅಗಲ ಟೈರನ್ನು ಸರಿಯಾಗಿ ಕೂರಿಸುವ ಅವಕಾಶ. ಹಿಂದೆ ರೋಡ್ ಬೈಕಿನ ಟೈರು ಎಂದರೆ 23 ಮಿ.ಮೀ., ನೂರು ಪಿಎಸ್‌ಐಗೂ ಮೇಲೆ ಗಾಳಿ, ಕಲ್ಲಿನಂತೆ ಗಟ್ಟಿ. ಗಟ್ಟಿಯಾದಷ್ಟೂ ವೇಗ ಎಂಬ ನಂಬಿಕೆ ಹುಟ್ಟಿದ್ದು ನುಣುಪಾದ ಉರುಳೆಯ ಮೇಲೆ ಟೈರು ಓಡಿಸಿ ನೋಡಿದ ಪರೀಕ್ಷೆಗಳಿಂದ. ಅಲ್ಲಿ ಅದು ನಿಜವೂ ಹೌದು. ರಸ್ತೆ ಉರುಳೆಯಲ್ಲ. ಜಲ್ಲಿ ಎದ್ದ ಡಾಂಬರಿನ ಮೇಲೆ ಗಟ್ಟಿ ಟೈರು ಪ್ರತಿ ಹರಳಿಗೂ ಬೈಕನ್ನೂ ಸವಾರನನ್ನೂ ಎತ್ತಿ ಎತ್ತಿ ಹಾಕುತ್ತದೆ. ಹಾಗೆ ಎತ್ತಲು ಬೇಕಾದ ಶಕ್ತಿ ಬರುವುದು ನಿಮ್ಮ ಕಾಲಿನಿಂದಲೇ, ಅದು ತೊಡೆ, ಹೊಟ್ಟೆ, ಭುಜದ ಮಾಂಸಖಂಡಗಳ ನಡುಕದಲ್ಲಿ ಬಿಸಿಯಾಗಿ ಕಳೆದುಹೋಗುತ್ತದೆ. 28ರ ಟೈರಿನಲ್ಲಿ, 75 ಕಿಲೋ ತೂಗುವ ಸವಾರ 65–75 ಪಿಎಸ್‌ಐ ಇಟ್ಟುಕೊಂಡು ಓಡಿಸಿದರೆ ಆ ಹರಳುಗಳನ್ನು ಟೈರೇ ನುಂಗಿಕೊಳ್ಳುತ್ತದೆ. ಗುಂಡಿಯ ಅಂಚಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕು ಹಾವು ಕಚ್ಚಿದಂತೆ ಎರಡು ತೂತಾಗುವ ಪಂಕ್ಚರ್ ಕಡಿಮೆಯಾಗುತ್ತದೆ, ರಿಮ್ಮಿನ ಅಂಚೂ ಜಜ್ಜಿಹೋಗುವುದಿಲ್ಲ. ನಮ್ಮಲ್ಲಿ ಗಾಲಿ ಹಾಳಾಗುವುದು ಬಹುಪಾಲು ಹೀಗೆ, ಗುರುತಿಲ್ಲದ ಹಂಪು ಮತ್ತು ಮಳೆನೀರು ತುಂಬಿದ ಗುಂಡಿಗಳಲ್ಲಿ. ಹಾಗಿರುವಾಗ ರಿಮ್ಮನ್ನು ಕಾಯುವ ಮೊದಲ ಕವಚ ಟೈರೇ.

ಈ ಟೈರಿಗೆ ತಕ್ಕ ರಿಮ್ಮು ಬೇಕು. ಹಳೆಯ ರಿಮ್ಮುಗಳ ಒಳ ಅಗಲ 13ರಿಂದ 15 ಮಿ.ಮೀ. ಅದರ ಮೇಲೆ 28ರ ಟೈರು ಹಾಕಿದರೆ ಬುಡ ಸಣ್ಣ, ತಲೆ ದೊಡ್ಡ ಬಲ್ಬಿನ ಆಕಾರ ಬಂದು ತಿರುವಿನಲ್ಲಿ ಆಚೀಚೆ ವಾಲುತ್ತದೆ. 19ರಿಂದ 21 ಮಿ.ಮೀ. ಒಳ ಅಗಲದ ಮೇಲೆ ಅದೇ ಟೈರಿನ ಗೋಡೆಗಳು ನೇರ ನಿಲ್ಲುತ್ತವೆ, ಕಡಿಮೆ ಗಾಳಿಯಲ್ಲೂ ಟೈರು ಹಿಡಿತದಲ್ಲಿರುತ್ತದೆ. ಒಂದು ಎಚ್ಚರ: ರಿಮ್ಮು ಅಗಲವಾದಂತೆ ಟೈರೂ ಹಿಗ್ಗುತ್ತದೆ, 21ರ ರಿಮ್ಮಿನ ಮೇಲೆ 28ರ ಟೈರು ಅಳೆದರೆ 29ಕ್ಕೂ ಮೇಲೆ ಬರಬಹುದು. ಹಳೆಯ ರಿಮ್ ಬ್ರೇಕ್ ಬೈಕುಗಳ ಎಷ್ಟೋ ಫ್ರೇಮುಗಳಲ್ಲಿ 25ಕ್ಕಿಂತ ದೊಡ್ಡದು ತೂರುವುದೇ ಇಲ್ಲ. ಅಂಥವರು 17ರಿಂದ 19ರ ರಿಮ್ಮಿಗೆ ನಿಲ್ಲಬೇಕು. ಟೈರಿಗೂ ಫ್ರೇಮಿಗೂ ನಡುವೆ ಎರಡೂ ಬದಿ ಮೂರು-ನಾಲ್ಕು ಮಿ.ಮೀ. ಜಾಗ ಉಳಿಯಲೇಬೇಕು, ಇಲ್ಲವಾದರೆ ಮಳೆಗಾಲದ ಕೆಸರಿನ ಜೊತೆ ಬಂದ ಒಂದು ಹರಳು ಪೇಂಟನ್ನು ಉಜ್ಜಿಹಾಕುತ್ತದೆ.

ಅಳತೆ ಓದುವುದು ಕಷ್ಟವಲ್ಲ. ಟೈರಿನ ಪಕ್ಕೆಯಲ್ಲಿ ‘28-622’ ಎಂದು ಉಬ್ಬಚ್ಚು ಇರುತ್ತದೆ: ಮೊದಲನೆಯದು ಟೈರಿನ ಅಗಲ, ಎರಡನೆಯದು ಟೈರಿನ ಅಂಚು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ, ಎರಡೂ ಮಿ.ಮೀ.ನಲ್ಲಿ. ರಿಮ್ಮಿನ ಸ್ಟಿಕ್ಕರಿನಲ್ಲಿ ‘622×19’ ಎಂದಿದ್ದರೆ ಆ 19 ಒಳ ಅಗಲ. ಎಲ್ಲರೂ 700ಸಿ ಎನ್ನುವುದು ಈ 622ಕ್ಕೇ. ನಮ್ಮ ಹಳೆಯ ಕಪ್ಪು ಸೈಕಲ್ಲುಗಳ 28 ಇಂಚಿನ ಗಾಲಿ 635 ಮಿ.ಮೀ.ನದು. ಹೆಸರಲ್ಲಿ, ನೋಟದಲ್ಲಿ ಹತ್ತಿರವಿದ್ದರೂ 13 ಮಿ.ಮೀ. ವ್ಯತ್ಯಾಸವಿರುವುದರಿಂದ ಒಂದರ ಟೈರು ಇನ್ನೊಂದಕ್ಕೆ ಕೂರದು. ದೂರದ ಊರಿನಲ್ಲಿ ರೋಡ್ ಬೈಕಿನ ಟೈರು ಹರಿದರೆ ಅಲ್ಲಿನ ಸೈಕಲ್ ಶಾಪಿನವರು ಎಷ್ಟೇ ಮನಸ್ಸಿದ್ದರೂ ಕೈಚೆಲ್ಲಬೇಕಾಗುವುದು ಇದರಿಂದಲೇ.

ಅದೇ ಸ್ಟಿಕ್ಕರಿನಲ್ಲಿ ಇನ್ನೊಂದು ಗುರುತು ನೋಡಿಕೊಳ್ಳಿ. ರಿಮ್ಮಿನ ಅಂಚು ಒಳಕ್ಕೆ ಕೊಕ್ಕೆಯಂತೆ ಬಾಗಿದ್ದರೆ ಅದು ಹುಕ್ ಇರುವ ರಿಮ್ಮು, ಟ್ಯೂಬ್‌ಲೆಸ್ ಆಗಿದ್ದರೆ ‘ಟಿಸಿ’ ಎಂದು ಗುರುತಿಸುತ್ತಾರೆ. ಅಂಚು ನೇರ ಗೋಡೆಯಾಗಿದ್ದರೆ ಹುಕ್‌ಲೆಸ್, ಗುರುತು ‘ಟಿಎಸ್‌ಎಸ್’. ಹುಕ್‌ಲೆಸ್ ಮಾಡುವುದು ಕಾರ್ಬನ್ ರಿಮ್ ಕಾರ್ಖಾನೆಗಳಿಗೆ ಸುಲಭ, ಖರ್ಚೂ ಕಡಿಮೆ. ಸವಾರನಿಗೆ ಅದು ತರುವ ಕಟ್ಟುಪಾಡು ದೊಡ್ಡದು: ರೋಡ್ ಟೈರಿಗೆ 5 ಬಾರ್, ಅಂದರೆ 72.5 ಪಿಎಸ್‌ಐ ಮೀರುವಂತಿಲ್ಲ, ಕಂಪನಿ ಒಪ್ಪಿದ ಟ್ಯೂಬ್‌ಲೆಸ್ ಟೈರನ್ನೇ ಹಾಕಬೇಕು, ಕಿರಿದಾದ ಟೈರು ಕೂಡದು. 2024ರ ಫೆಬ್ರವರಿಯಲ್ಲಿ ಯುಎಇ ಟೂರ್ ರೇಸಿನಲ್ಲಿ ಥಾಮಸ್ ಡಿ ಗೆಂಟ್ ಬಿದ್ದಾಗ ಟೈರು ಹುಕ್‌ಲೆಸ್ ರಿಮ್ಮಿನಿಂದ ಪೂರ್ತಿ ಕಳಚಿ ಬಂದ ದೃಶ್ಯ ಸೈಕಲ್ ಲೋಕದಲ್ಲೆಲ್ಲ ಚರ್ಚೆಯಾಯಿತು. ಅಪಘಾತಕ್ಕೆ ಕಾರಣ ಹಲವಿರಬಹುದು. ನಮ್ಮ ಮಟ್ಟಿಗೆ ಪ್ರಶ್ನೆ ಇನ್ನೂ ಸರಳ: ಪೇಟೆಯಲ್ಲಿ ಆ ಹೊತ್ತಿಗೆ ಸಿಕ್ಕ ಟೈರು ಹಾಕಿಕೊಂಡು, ರಸ್ತೆ ಬದಿಯ ಕಂಪ್ರೆಸರಿನಲ್ಲಿ ಗಾಳಿ ಹೊಡೆಸುವ ಪ್ರಸಂಗ ಯಾರಿಗಾದರೂ ಬಂದೀತು, ಅಷ್ಟು ಸೂಕ್ಷ್ಮದ ಮಿತಿಯುಳ್ಳ ರಿಮ್ಮು ಅಲ್ಲಿ ಬೇಡ. ಹುಕ್ ಇರುವ ರಿಮ್ಮಿನಲ್ಲಿ ಟ್ಯೂಬೂ ಓಡುತ್ತದೆ, ಟ್ಯೂಬ್‌ಲೆಸ್ಸೂ ಓಡುತ್ತದೆ.

ಈಗ ಕಡ್ಡಿಗಳಿಗೆ ಬರೋಣ, ಗಾಲಿಯ ಆಯುಸ್ಸು ನಿಂತಿರುವುದು ಅಲ್ಲಿ. ಎತ್ತಿನ ಗಾಡಿಯ ಚಕ್ರದಲ್ಲಿ ಹೊರೆಯನ್ನು ಹೊರುವುದು ಗುಂಬದ ಕೆಳಗಿರುವ ಮರದ ಅರೆಗಳು. ಕಂಬ ಚಾವಣಿಯನ್ನು ಹೊತ್ತಂತೆ ಅವು ಒತ್ತಡ ತಿಂದು ನಿಲ್ಲುತ್ತವೆ. ಸೈಕಲ್ ಕಡ್ಡಿ ಎರಡು ಮಿ.ಮೀ. ತಂತಿ, ಒತ್ತಿದರೆ ಬಾಗಿಹೋಗುತ್ತದೆ. ಆದ್ದರಿಂದ ಅದನ್ನು ಮೊದಲೇ ಬಿಗಿಯಾಗಿ ಎಳೆದು ಕಟ್ಟುತ್ತಾರೆ, ಒಂದೊಂದು ಕಡ್ಡಿಯಲ್ಲೂ ಸುಮಾರು ನೂರು ಕಿಲೋ ತೂಗುಹಾಕಿದಷ್ಟು ಬಿಗಿ. ಸವಾರ ಕೂತಾಗ ನೆಲಕ್ಕೆ ತಾಗಿದ ಕಡೆಯ ಕೆಲವು ಕಡ್ಡಿಗಳ ಬಿಗಿ ಸ್ವಲ್ಪ ಇಳಿಯುತ್ತದೆ, ಮೇಲಿನವುಗಳಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ. ಜಾಬ್ಸ್ಟ್ ಬ್ರ್ಯಾಂಟ್ 1981ರಲ್ಲಿ ಸೈಕಲ್ ಗಾಲಿಯ ಬಗ್ಗೆಯೇ ಬರೆದ ಪುಸ್ತಕದಲ್ಲಿ ಲೆಕ್ಕ ಸಮೇತ ವಿವರಿಸಿದ್ದು ಇದನ್ನೇ. ಇದರಿಂದ ಹೊರಡುವ ಮುಖ್ಯ ಮಾತು: ಕಡ್ಡಿ ಒಂದೇ ಹೊಡೆತಕ್ಕೆ ತುಂಡಾಗುವುದು ಅಪರೂಪ, ಇಳಿದು ಏರಿ ಇಳಿದು ಏರಿ ದಣಿದು ಮುರಿಯುವುದೇ ಹೆಚ್ಚು. ರೋಡ್ ಬೈಕಿನ ಗಾಲಿಯ ಸುತ್ತಳತೆ ಸುಮಾರು 2.1 ಮೀಟರ್. 200 ಕಿ.ಮೀ. ಬ್ರೆವೆ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ, ಓಡಿಸಿದರೆ ಗಾಲಿ 95 ಸಾವಿರ ಸುತ್ತು ಸುತ್ತುತ್ತದೆ, ಪ್ರತಿ ಕಡ್ಡಿಯೂ ಅಷ್ಟೇ ಸಲ ಸಡಿಲಾಗಿ ಬಿಗಿಯಾಗುತ್ತದೆ. 600 ಕಿ.ಮೀ. ಆದರೆ ಎರಡೂ ಮುಕ್ಕಾಲು ಲಕ್ಷ ದಾಟುತ್ತದೆ. ಕಡ್ಡಿ ಕಡಿಮೆಯಿದ್ದಷ್ಟೂ ಒಂದೊಂದರ ಪಾಲಿಗೆ ಬರುವ ಏರಿಳಿತ ದೊಡ್ಡದು, ದಣಿವೂ ಬೇಗ.

ಹಿಂದಿನ ಗಾಲಿಯ ಕಷ್ಟ ಇನ್ನೂ ಒಂದು ತೂಕ ಹೆಚ್ಚು. ಬಲಗಡೆ ಕ್ಯಾಸೆಟ್ಟಿಗೆ ಜಾಗ ಬಿಡಬೇಕಾದ್ದರಿಂದ ಆ ಬದಿಯ ಕಡ್ಡಿಗಳು ಬಹುತೇಕ ನೆಟ್ಟಗೆ ನಿಲ್ಲುತ್ತವೆ, ರಿಮ್ಮನ್ನು ನಡುವಿಗೆ ಎಳೆದಿಡಲು ಅವನ್ನು ಎಡಗಡೆಯವುಗಳಿಗಿಂತ ಹೆಚ್ಚುಕಡಿಮೆ ಇಮ್ಮಡಿ ಬಿಗಿ ಮಾಡಬೇಕಾಗುತ್ತದೆ. ಮುರಿಯುವುದು ಸಾಮಾನ್ಯವಾಗಿ ಹಬ್ಬಿನ ತೂತಿನಲ್ಲಿ ಕಡ್ಡಿ ಬಾಗಿ ಕೂರುವ ಮೊಣಕೈಯಲ್ಲಿ. ಇದಕ್ಕೆಲ್ಲ ನನ್ನ ಉತ್ತರ ಹಳೆಯ ಕಾಲದ್ದು: ಹಿಂದೆ 32, ಮುಂದೆ 28 ಅಥವಾ 32 ಕಡ್ಡಿ, ಮೂರು ಅಡ್ಡದಾಟಿನ ಹೆಣಿಗೆ. 65 ಕಿಲೋದೊಳಗಿನವರಿಗೆ ಹಿಂದೆ 28, ಮುಂದೆ 24 ಸಾಕು. 32 ಕಡ್ಡಿಯ ಗಾಲಿಯಲ್ಲಿ ಒಂದು ಮುರಿದರೆ ರಿಮ್ಮು ಸ್ವಲ್ಪ ವಾಲುತ್ತದೆ, ಅಕ್ಕಪಕ್ಕದ್ದನ್ನು ತುಸು ಹೊಂದಿಸಿಕೊಂಡು ಮನೆ ಸೇರಬಹುದು. 20 ಕಡ್ಡಿಯ ಗಾಲಿಯಲ್ಲಿ ಒಂದು ಹೋದರೆ ರಿಮ್ಮು ಬ್ರೇಕಿಗೋ ಫ್ರೇಮಿಗೋ ತಾಗಿ ನಿಂತುಬಿಡಬಹುದು. ಹೆಚ್ಚುವರಿ ಹನ್ನೆರಡು ಕಡ್ಡಿ ಮತ್ತು ನಿಪ್ಪಲ್ಲುಗಳ ತೂಕ ನೂರು ಗ್ರಾಂ ಕೂಡ ಇಲ್ಲ.

‘ವೃತ್ತಿಪರರು ಪ್ಯಾರಿಸ್–ರೂಬೇ ರೇಸಿನ ಕಲ್ಲುಹಾಸಿನ ಮೇಲೂ ಕಾರ್ಬನ್ ಗಾಲಿಯನ್ನೇ ಓಡಿಸುತ್ತಾರಲ್ಲ, ಅದು ಗಟ್ಟಿಯಿಲ್ಲದಿದ್ದರೆ ಹೇಗೆ?’ ಎಂಬ ಪ್ರಶ್ನೆ ನ್ಯಾಯವಾದದ್ದು. ಅಲ್ಲಿ ಬಹುಕಾಲ 32 ಕಡ್ಡಿಯ ತಗ್ಗು ಅಲ್ಯೂಮಿನಿಯಂ ರಿಮ್ಮುಗಳದ್ದೇ ರಾಜ್ಯವಾಗಿತ್ತು. 2010ರಲ್ಲಿ ಫೇಬಿಯನ್ ಕ್ಯಾನ್ಸೆಲಾರ ಕಾರ್ಬನ್ ಗಾಲಿಯ ಮೇಲೆ ಗೆದ್ದ ನಂತರ ಆ ಅನುಮಾನ ಕರಗಿತು. ಒಳ್ಳೆಯ ಕಾರ್ಬನ್ ರಿಮ್ಮು ದುರ್ಬಲವಲ್ಲ ಎಂದು ಒಪ್ಪಲೇಬೇಕು. ಆದರೆ ಆ ಸವಾರರ ಹಿಂದೆ ಬಿಡಿ ಗಾಲಿಗಳನ್ನು ಹೊತ್ತ ತಂಡದ ಕಾರು ಬರುತ್ತಿರುತ್ತದೆ. ಬ್ರೆವೆಯ ನಿಯಮದಲ್ಲಿ ಕಂಟ್ರೋಲ್ ಪಾಯಿಂಟ್ ಬಿಟ್ಟು ಬೇರೆಲ್ಲೂ ಹೊರಗಿನ ನೆರವು ಪಡೆಯುವಂತಿಲ್ಲ, 200 ಕಿ.ಮೀ.ಗೆ ಹದಿಮೂರೂವರೆ ಗಂಟೆಯ ಗಡುವು ಬೇರೆ. ಒಬ್ಬಂಟಿಯಾಗಿ ಭಾನುವಾರ ಬೆಳಿಗ್ಗೆ ಊರಾಚೆ ಹೋಗುವವರ ಸ್ಥಿತಿಯೂ ಅದೇ. ಗುಂಡಿಗೆ ಬಿದ್ದ ಅಲ್ಯೂಮಿನಿಯಂ ರಿಮ್ಮು ಜಜ್ಜಿದರೂ ಕಣ್ಣಿಗೆ ಕಾಣುತ್ತದೆ, ಸಣ್ಣದಾದರೆ ಬೆಂಡ್ ತೆಗೆಸಿ ಮತ್ತೆ ಓಡಿಸಬಹುದು. ಕಾರ್ಬನ್ ಸೀಳಿದರೆ ಸೀಳು ಒಳಪದರದಲ್ಲಿ ಅಡಗಿರಬಹುದು, ಅದನ್ನು ಬೆಂಡ್ ತೆಗೆಯಲು ಬರುವುದಿಲ್ಲ.

ಬ್ರೇಕ್ ಯಾವುದು ಎನ್ನುವುದರ ಮೇಲೂ ತೀರ್ಮಾನ ಬದಲಾಗುತ್ತದೆ. ರಿಮ್ ಬ್ರೇಕ್ ಇದ್ದರೆ ರಿಮ್ಮೇ ಸವೆಯುವ ಸಾಮಾನು ಎಂದು ತಿಳಿಯಬೇಕು. ಮಳೆಯಲ್ಲಿ ಆಗುಂಬೆಯನ್ನೋ ಚಾರ್ಮಾಡಿಯನ್ನೋ ಇಳಿಯುವಾಗ ಕೆಸರಿನ ಮರಳು ಬ್ರೇಕ್ ಬಿರಡೆಗೆ ಅಂಟಿ ಅರದಂತೆ ಉಜ್ಜುತ್ತದೆ. ಬೈಕ್ ತೊಳೆಯುವಾಗ ಹರಿಯುವ ಬೂದುಬಣ್ಣದ ನೀರು ರಿಮ್ಮಿನ ಅಲ್ಯೂಮಿನಿಯಮ್ಮೇ. ಅನೇಕ ರಿಮ್ಮುಗಳ ಪಕ್ಕೆಯಲ್ಲಿ ಸಣ್ಣ ಗೀರೋ ಚುಕ್ಕೆಯಂಥ ಕುಳಿಯೋ ಇರುತ್ತದೆ, ಅದು ಅಳಿಸಿಹೋದರೆ ರಿಮ್ಮಿನ ಆಯುಸ್ಸು ಮುಗಿದಂತೆ. ಗುರುತಿಲ್ಲದಿದ್ದರೆ ಸ್ಟೀಲ್ ಸ್ಕೇಲನ್ನು ಪಕ್ಕೆಗೆ ಒತ್ತಿ ಹಿಡಿದು ಬೆಳಕಿಗೆ ನೋಡಿ, ನಡುವೆ ಸಂದು ಕಂಡರೆ ಗೋಡೆ ಬಟ್ಟಲಿನಂತೆ ತಗ್ಗಾಗಿದೆ. ತೀರ ತೆಳುವಾದ ಗೋಡೆ ಟೈರಿನ ಗಾಳಿಯ ಒತ್ತಡಕ್ಕೇ ಹೊರಕ್ಕೆ ಸಿಡಿಯುತ್ತದೆ. ರಿಮ್ ಬ್ರೇಕಿಗೆ ಕಾರ್ಬನ್ ರಿಮ್ಮು ಘಟ್ಟದ ನಾಡಿನಲ್ಲಿ ಬೇಡವೇ ಬೇಡ: ಕಾರ್ಬನ್ ಬಿಸಿಯನ್ನು ಬೇಗ ಹೊರಗೆ ಬಿಡುವುದಿಲ್ಲ, ಉದ್ದ ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇದ್ದರೆ ಅದರ ರಾಳ ಮೆದುವಾಗಬಹುದು. ಡಿಸ್ಕ್ ಬ್ರೇಕಿನಲ್ಲಿ ರಿಮ್ಮು ಬಿಸಿಯಾಗುವುದೂ ಇಲ್ಲ, ಸವೆಯುವುದೂ ಇಲ್ಲ. ಕಾರ್ಬನ್ನಿಗೆ ದುಡ್ಡು ಹಾಕುವುದಾದರೆ ಡಿಸ್ಕ್ ಬೈಕಿಗೇ ಹಾಕಬೇಕು.

ಹೊಂದಾಣಿಕೆಯ ವಿಷಯಗಳನ್ನು ಬೇಗ ಹೇಳಿಬಿಡಬಹುದು. ಈಗಿನ ಡಿಸ್ಕ್ ಬೈಕುಗಳಲ್ಲಿ ಮುಂದೆ 12×100, ಹಿಂದೆ 12×142 ಮಿ.ಮೀ. ಥ್ರೂ ಆಕ್ಸಲ್; ರಿಮ್ ಬ್ರೇಕ್ ಬೈಕಿನಲ್ಲಿ ಕ್ವಿಕ್ ರಿಲೀಸ್, ಹಿಂದಿನ ಹಬ್ಬಿನ ಅಗಲ 130. ಡಿಸ್ಕ್ ರೋಟರು ಆರು ಬೋಲ್ಟಿನದೋ ಸೆಂಟರ್ ಲಾಕೋ, ಫ್ರೀಹಬ್ ನಿಮ್ಮ ಕ್ಯಾಸೆಟ್ಟಿಗೆ ಹೊಂದುವ ಶಿಮಾನೊದ್ದೋ, ಶ್ರಾಮ್‌ನ ಎಕ್ಸ್‌ಡಿಆರ್ ಮಾದರಿಯದೋ ನೋಡಿಕೊಳ್ಳಿ. ಮಂಗಳೂರು, ಕಾರವಾರದಂಥ ಕರಾವಳಿಯವರು ಹಿತ್ತಾಳೆಯ ನಿಪ್ಪಲ್ಲನ್ನೇ ಕೇಳಿ ಹಾಕಿಸಿಕೊಳ್ಳಬೇಕು, ಅಲ್ಯೂಮಿನಿಯಂ ನಿಪ್ಪಲ್ಲು ಉಪ್ಪುಗಾಳಿಗೆ ಕಚ್ಚಿಕೊಂಡು ಕೂತುಬಿಡುತ್ತದೆ.

ಇದಕ್ಕಿಂತ ನಿಧಾನವಾಗಿ ನೋಡಬೇಕಾದದ್ದು ಗಾಲಿ ಕಟ್ಟಿದ ಕೈ. ಒಂದೇ ರಿಮ್ಮು, ಒಂದೇ ಹಬ್ಬು, ಒಂದೇ ಕಡ್ಡಿ ಕೊಟ್ಟರೂ ಇಬ್ಬರು ಕಟ್ಟಿದ ಗಾಲಿಗಳಲ್ಲಿ ಒಂದು ಹತ್ತು ವರ್ಷ ಬಾಳಬಹುದು, ಇನ್ನೊಂದು ಆರು ತಿಂಗಳಿಗೇ ಕಡ್ಡಿ ಮುರಿಯಬಹುದು. ಅಂಗಡಿಯಲ್ಲೇ ಪರೀಕ್ಷಿಸಬಹುದು. ಹಿಂದಿನ ಗಾಲಿಯ ಬಲಬದಿಯ ಕಡ್ಡಿಗಳನ್ನು ಒಂದೊಂದಾಗಿ ಉಗುರಿನಿಂದ ಮೀಟಿ. ತಂಬೂರಿಯ ತಂತಿಯಂತೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಶ್ರುತಿ ಕೊಡಬೇಕು. ಎಡಬದಿಯವು ಇನ್ನೂ ತಗ್ಗಿನ ಶ್ರುತಿಯಲ್ಲಿ, ಆದರೆ ತಮ್ಮೊಳಗೆ ಒಂದೇ. ನಡುವೆ ಒಂದು ಡಬ್ಬ್ ಎಂದರೆ ಅದು ಸಡಿಲ, ಮೊದಲು ಮುರಿಯುವುದೂ ಅದೇ ಇರಬಹುದು. ಆಮೇಲೆ ಪಕ್ಕಪಕ್ಕದ ಎರಡೆರಡು ಕಡ್ಡಿಗಳನ್ನು ಅಂಗೈಯಲ್ಲಿ ಜೋರಾಗಿ ಹಿಂಡಿ. ‘ಟಿಕ್’ ಎಂಬ ಸದ್ದು ಬಂದರೆ ಕಡ್ಡಿಗಳು ಇನ್ನೂ ತಮ್ಮ ಜಾಗದಲ್ಲಿ ಕೂತಿಲ್ಲ. ಬ್ರೇಕ್ ಬಿರಡೆಯ ಅಥವಾ ಫ್ರೇಮಿಗೆ ಕಟ್ಟಿದ ಒಂದು ತುಂಡು ರಟ್ಟಿನ ಪಕ್ಕ ಗಾಲಿ ತಿರುಗಿಸಿ ನೋಡಿದರೆ ವಾಲು ಕಾಣುತ್ತದೆ. ಯಂತ್ರ ಕಟ್ಟಿದ ಗಾಲಿಯಾದರೆ ಟೆನ್ಷನ್ ಮೀಟರ್ ಇಟ್ಟುಕೊಂಡ ಮೆಕ್ಯಾನಿಕ್ಕಿನಿಂದ ಮತ್ತೊಮ್ಮೆ ಸಮ ಮಾಡಿಸಿ, ಮುನ್ನೂರು-ನಾನೂರು ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ ತೋರಿಸಿ. ಹಗುರ ರಿಮ್ಮಿಗೆ ಕೊಡುವ ಹೆಚ್ಚುವರಿ ಹಣದ ಸಣ್ಣ ಪಾಲು ಇಂಥ ಕೈಗೆ ಸಂದರೆ ಗಾಲಿ ಎಷ್ಟೋ ಪಾಲು ಚೆನ್ನಾಗಿ ಬಾಳುತ್ತದೆ.

ಉಳಿದದ್ದು ಬದಲಿ ಕಡ್ಡಿಯ ಪ್ರಶ್ನೆ. ಸಾಧಾರಣ ಬಾಗು ತಲೆಯ ದುಂಡು ಕಡ್ಡಿಯ ಗಾಲಿಯನ್ನೇ ಆರಿಸಿ, ಕಂಪನಿಯ ಸ್ವಂತ ಮಾದರಿಯ ನೇರ ಕಡ್ಡಿ ಮುರಿದರೆ ಬದಲಿ ಬರಲು ವಾರಗಟ್ಟಲೆ ಕಾಯಬೇಕಾದೀತು. ಕಡ್ಡಿಯ ಉದ್ದ ಒಂದೆರಡು ಮಿ.ಮೀ.ಗಿಂತ ಹೆಚ್ಚು ಆಚೀಚೆಯಾದರೆ ನಡೆಯುವುದಿಲ್ಲ, ಹಿಂದಿನ ಗಾಲಿಯಲ್ಲಿ ಎಡಕ್ಕೊಂದು ಉದ್ದ, ಬಲಕ್ಕೊಂದು ಉದ್ದ, ಡಿಸ್ಕ್ ಬೈಕಿನ ಮುಂದಿನ ಗಾಲಿಯಲ್ಲೂ ಸಾಮಾನ್ಯವಾಗಿ ಹಾಗೆಯೇ. ಕೊಂಡ ದಿನವೇ ಆ ಉದ್ದಗಳನ್ನು ಅಂಗಡಿಯವರಿಂದ ಬರೆಸಿಕೊಳ್ಳಿ, ಪ್ರತಿ ಉದ್ದದಲ್ಲೂ ಎರಡೆರಡು ಕಡ್ಡಿ, ನಾಲ್ಕು ನಿಪ್ಪಲ್ಲು ಜೊತೆಗೇ ತೆಗೆದುಕೊಳ್ಳಿ. ದೂರದ ಸವಾರಿಗೆ ಹೋಗುವಾಗ ಆ ಕಡ್ಡಿಗಳನ್ನು ಚೈನಿನ ಪಕ್ಕದ ಫ್ರೇಮ್ ಪೈಪಿಗೆ ಇನ್ಸುಲೇಷನ್ ಟೇಪಿನಲ್ಲಿ ಸುತ್ತಿ, ಯಾವುದು ಬಲದ್ದು ಯಾವುದು ಎಡದ್ದು ಎಂದು ಟೇಪಿನ ಮೇಲೆಯೇ ಪೆನ್ನಿನಲ್ಲಿ ಬರೆದಿಡಿ.